ತೂಕದ ಮಾತು

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ದಾರಿಯಲ್ಲಿ ಕೇಳಿದ ಮಾತುಗಳಿವು. ಒಂದೇ ದಿನದವಲ್ಲ. ನಾಲ್ಕಾರು ಸಲ ಹಿಂದಿನ ಸೀಟಿನಲ್ಲಿ ಕೂತು ಕೇಳಿಸಿಕೊಂಡದ್ದನ್ನು ಒಂದು ಪ್ರಯಾಣಕ್ಕೆ ಹೊಂದಿಸಿದ್ದೇನೆ. ಕಾರು ಓಡಿಸುತ್ತಿದ್ದವರು ನಲವತ್ತು ವರ್ಷದಿಂದ ಈ ಸೀಮೆಯ ನಾಡಿ ಹಿಡಿದುಕೊಂಡು ಬಂದ ಹಿರಿಯ ವೈದ್ಯರು. ಪಕ್ಕದಲ್ಲಿದ್ದವರು ಎಂಬಿಬಿಎಸ್ ಮುಗಿಸಿ, ಕುಟುಂಬ ವೈದ್ಯಶಾಸ್ತ್ರದ ಎರಡು ವರ್ಷದ ಡಿಪ್ಲೊಮಾ ಓದುತ್ತಿರುವ ಕಿರಿಯ ವೈದ್ಯೆ. ಅದು 2020ರಲ್ಲಿ ರಾಷ್ಟ್ರೀಯ ಪರೀಕ್ಷಾ ಮಂಡಳಿ ಶುರು ಮಾಡಿದ ಕೋರ್ಸು. ಅಡಿಕೆ ಕೊಯ್ಲಿನ ಕಾಲ. ರಸ್ತೆಯ ಅಂಚಿಗೆ ಮೆಕ್ಕೆಜೋಳ ಒಣಹಾಕಿದ್ದರಿಂದ ಕಾರು ನಿಧಾನವಾಗಿ ಹೋಗಬೇಕಿತ್ತು, ಮಾತಿಗೆ ಅದೇ ಅನುಕೂಲವಾಯಿತು.

ಕಿರಿಯರು: ಸರ್, ಬೆಳಗ್ಗೆ ಆ ಹೆಂಗಸಿಗೆ ನೀವು ಅಂದಿದ್ದು ನನ್ನ ತಲೆಯಿಂದ ಹೋಗ್ತಾನೇ ಇಲ್ಲ.

ಹಿರಿಯರು: ಯಾರು, ಮಂಡಿನೋವು ಅಂತ ಬಂದಿದ್ದಳಲ್ಲ, ಅವಳಾ?

ಕಿರಿಯರು: ಹೌದು. ‘ಮೊದಲು ಬಾಯಿಗೆ ಬೀಗ ಹಾಕು, ಆಮೇಲೆ ಮಂಡಿಗೆ ಮಾತ್ರೆ ಕೊಡ್ತೀನಿ’ ಅಂದ್ರಿ. ಬಾಗಿಲು ತೆಗೆದೇ ಇತ್ತು. ಬೆಂಚಿನ ಮೇಲೆ ಹತ್ತು ಹನ್ನೆರಡು ಜನ ಕೂತಿದ್ದರು. ಅವಳು ಸೆರಗು ಎಳೆದುಕೊಂಡು ತಲೆ ತಗ್ಗಿಸಿ ಎದ್ದುಹೋದಳು.

ಹಿರಿಯರು: ಅವಳ ಗಂಡ ಹುಟ್ಟಿದ್ದೇ ನನ್ನ ಕೈಯಲ್ಲಿ ಕಣಮ್ಮ. ಆ ಸಲಿಗೆಯಲ್ಲಿ ಅಂದೆ. ಅವಳೂ ಹಾಗೇ ತಗೊಳ್ತಾಳೆ.

ಕಿರಿಯರು: ಸಲಿಗೆ ನಿಮ್ಮದು ಸರ್. ತಿರುಗಿ ಒಂದು ಮಾತು ಆಡೋ ಸಲಿಗೆ ಅವಳಿಗಿದೆಯಾ?

ಹಿರಿಯರು: (ಸ್ವಲ್ಪ ದೂರ ಹೋದ ಮೇಲೆ) ಇಲ್ಲ, ಒಪ್ಪಿದೆ. ಆದರೆ ಒಂದು ಹೇಳ್ತೀನಿ ಕೇಳು. ನಮ್ಮ ಕಡೆ ಬೈಗುಳವೂ ಕಾಳಜಿಯ ಮಾತೇ. ಬೈಯದೆ ಕಳಿಸಿದರೆ ‘ಡಾಕ್ಟ್ರು ಸರಿಯಾಗಿ ನೋಡಲೇ ಇಲ್ಲ’ ಅಂತ ಮನೆಯಲ್ಲಿ ಹೇಳ್ತಾರೆ. ಬಿ.ಪಿ. ಮಾತ್ರೆ ಬಿಟ್ಟವರನ್ನ ಬೈದು ಬೈದು ದಾರಿಗೆ ತಂದಿದ್ದೀನಿ. ಸತ್ತುಹೋಗಬೇಕಾದವರು ಇವತ್ತು ಮೊಮ್ಮಕ್ಕಳನ್ನ ಆಡಿಸ್ತಿದ್ದಾರೆ.

ಕಿರಿಯರು: ಬೈಸಿಕೊಂಡು ತಿರುಗಿ ಬಂದವರು ನಿಮಗೆ ಗೊತ್ತು. ಬಾರದೇ ಹೋದವರು ಯಾರ ಲೆಕ್ಕದಲ್ಲಿದ್ದಾರೆ? ಮಾತ್ರೆ ಬಿಟ್ಟೆ ಅಂತ ಬೈಸಿಕೊಳ್ಳೋದು ಬೇರೆ, ನಿನ್ನ ಮೈ ಹೀಗಿದೆ ಅಂತ ಬೈಸಿಕೊಳ್ಳೋದು ಬೇರೆ ಸರ್. ಮಾತ್ರೆಯನ್ನ ಮನೆಯಲ್ಲಿ ಬಿಟ್ಟು ಬರಬಹುದು. ಮೈಯನ್ನ ಎಲ್ಲಿ ಬಿಟ್ಟು ಬರೋದು?

ಇಲ್ಲಿ ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದ್ದೆ. ನನ್ನ ಅಕ್ಕ ಎಂಟು ವರ್ಷ ಯಾವ ಆಸ್ಪತ್ರೆಗೂ ಹೋಗದೆ ಇದ್ದದ್ದು ಇಂಥದೇ ಒಂದು ಮಾತಿನಿಂದ. ಅವಳಿಗೆ ಥೈರಾಯ್ಡ್ ತೊಂದರೆ ಇತ್ತೆಂದು ಆಮೇಲೆ ತಿಳಿಯಿತು.

ಹಿರಿಯರು: ಸರಿ. ನಿಮಗೆ ಈಗ ಹೇಗೆ ಕಲಿಸ್ತಾರೆ, ಅದನ್ನಾದರೂ ಹೇಳು.

ಕಿರಿಯರು: ಮೊದಲು ಅಪ್ಪಣೆ ಕೇಳಬೇಕು. ‘ಇವತ್ತು ತೂಕದ ವಿಚಾರ ಸ್ವಲ್ಪ ಮಾತಾಡಬಹುದಾ?’ ಅಂತ. ಬೇಡ ಅಂದ್ರೆ ಅಲ್ಲಿಗೆ ಬಿಡೋದು, ಇನ್ನೊಂದು ದಿನ ನೋಡೋದು. ಹೂಂ ಅಂದ್ರೆ ಅವರ ದಿನ ಹೇಗೆ ಸಾಗುತ್ತೆ ಅಂತ ಕೇಳಬೇಕು, ಅಳತೆ ತಗೋಬೇಕು, ಅದರ ಅರ್ಥ ಹೇಳಬೇಕು, ಇಬ್ಬರಿಗೂ ಒಪ್ಪಿಗೆಯಾಗೋ ಒಂದೇ ಒಂದು ಬದಲಾವಣೆ ಆರಿಸಬೇಕು, ಮುಂದಿನ ಭೇಟಿ ಗೊತ್ತುಮಾಡಬೇಕು. ಅಮೆರಿಕದ ವಿಲಿಯಂ ಮಿಲ್ಲರ್ ಅನ್ನೋ ಮನಃಶಾಸ್ತ್ರಜ್ಞರು ಕುಡಿತ ಬಿಡಿಸೋ ಕೆಲಸದಲ್ಲಿದ್ದಾಗ 1983ರಲ್ಲಿ ಒಂದು ಪ್ರಬಂಧ ಬರೆದರು. ನಾವು ಒತ್ತಿದಷ್ಟೂ ಎದುರಿನವರು ತಮ್ಮ ಹಳೇ ಚಾಳಿಯ ಪರ ವಾದ ಮಾಡ್ತಾರೆ, ಬದಲಾಗೋ ಕಾರಣ ಅವರ ಬಾಯಿಂದಲೇ ಬರಬೇಕು, ಇಷ್ಟೇ ಅದರ ತಿರುಳು. ಆಮೇಲೆ ಸ್ಟೀಫನ್ ರೋಲ್ನಿಕ್ ಅವರ ಜೊತೆ ಸೇರಿ 1991ರಲ್ಲಿ ಪುಸ್ತಕ ಮಾಡಿದರು.

ಹಿರಿಯರು: ಮಾತು ಚೆನ್ನಾಗಿದೆ. ಶಿಕಾರಿಪುರದಲ್ಲಿ ಅದು ನಡೀತಾ?

ಕಿರಿಯರು: (ತುಸು ತಡೆದು) ಮೊದಲ ಸಲ ನಡೀಲಿಲ್ಲ. ಅಂಜನಾಪುರದ ಕಡೆಯ ಒಬ್ಬರು ಯಜಮಾನರು, ಸಕ್ಕರೆ ಕಾಯಿಲೆ, ಹೊಟ್ಟೆ ಚೆನ್ನಾಗಿಯೇ ಬಂದಿತ್ತು. ‘ಏನು ಬದಲಾಯಿಸಬಹುದು ಅಂತ ನಿಮಗೆ ಅನ್ನಿಸುತ್ತೆ?’ ಅಂದೆ. ‘ಅದನ್ನ ಕೇಳೋಕೇ ಅಲ್ವಾ ತಾಯಿ ನಾನು ಬಸ್ಸು ಹತ್ತಿ ಬಂದಿದ್ದು?’ ಅಂದರು. ಮುಂದಿನ ವಾರ ಬೇರೆ ಡಾಕ್ಟರ ಹತ್ತಿರ ಹೋದರು ಅಂತ ಕೇಳಿದೆ.

ಹಿರಿಯರು: ನೋಡು. ನಮ್ಮವರಿಗೆ ಡಾಕ್ಟರು ಅಂದರೆ ತಿಳಿದವರು. ತಿಳಿದವರು ಹೇಳಬೇಕು. ಹೇಳದೆ ತಿರುಗಿ ಕೇಳಿದರೆ ಕೈ ಚೆಲ್ಲಿದರು ಅಂತ ಅರ್ಥ. ಆ ವಿಧಾನ ಹುಟ್ಟಿದ ಊರಲ್ಲಿ ಮನುಷ್ಯ ತನ್ನ ಊಟ ತಾನೇ ತೀರ್ಮಾನಿಸ್ತಾನೆ. ನಿನ್ನ ಯಜಮಾನರ ಊಟ ತೀರ್ಮಾನಿಸೋರು ಯಾರು? ಅಡುಗೆಮನೆ. ಅಡುಗೆಮನೆಯಲ್ಲಿರೋ ಸೊಸೆಗೆ ತೀರ್ಮಾನ ಮಾಡೋ ಅಧಿಕಾರ ಇದೆಯಾ? ಅದು ಅತ್ತೆಯದು. ಅತ್ತೆಗೆ ಕೇಳಿದರೆ ‘ನಮ್ಮ ಯಜಮಾನರು ರೊಟ್ಟಿ ಇಲ್ಲದೆ ಏಳಲ್ಲ’ ಅಂತಾಳೆ. ಒಬ್ಬರನ್ನ ಕುರ್ಚಿಯಲ್ಲಿ ಕೂರಿಸಿಕೊಂಡು ನೀನು ಯಾರ ಜೊತೆ ಒಪ್ಪಂದ ಮಾಡ್ಕೋತೀಯ?

ಕಿರಿಯರು: ಅದು ನನಗೆ ತಟ್ಟಿದ್ದು ಮನೆಗಳಿಗೆ ಹೋದಾಗಲೇ. ನನ್ನ ಹಿಂದೆ ಬಂದ ಬ್ಯಾಚಿನವರಿಗೆ ಎಂಬಿಬಿಎಸ್‌ನಲ್ಲೇ ಹಳ್ಳಿಯ ಕುಟುಂಬಗಳನ್ನ ದತ್ತು ಕೊಡ್ತಾರೆ, ವರ್ಷಾನುಗಟ್ಟಲೆ ಅದೇ ಮನೆಗಳಿಗೆ ಹೋಗ್ತಾರೆ. ನನಗೆ ಆ ಭಾಗ್ಯ ಇರಲಿಲ್ಲ. ಇಲ್ಲಿಗೆ ಬಂದ ಮೇಲೆ ಒಬ್ಬರ ಮನೆಗೆ ಹೋಗಿದ್ದೆ. ‘ನಾನೇನೂ ತಿನ್ನಲ್ಲ ಡಾಕ್ಟ್ರೇ, ನೀರು ಕುಡಿದ್ರೂ ಮೈಗೆ ಹತ್ತುತ್ತೆ’ ಅಂತಿದ್ದವರು. ಸುಳ್ಳು ಹೇಳ್ತಾರೆ ಅಂದುಕೊಂಡಿದ್ದೆ. ಮನೆಯಲ್ಲಿ ಕೂತು ನೋಡಿದರೆ ಅವರು ತಟ್ಟೆ ಹಾಕಿಕೊಂಡು ಕೂತಿದ್ದೇ ಇಲ್ಲ. ಎಲ್ಲರ ಊಟ ಆದ ಮೇಲೆ ಪಾತ್ರೆಯಲ್ಲಿ ಉಳಿದ ಅನ್ನ ಚೆಲ್ಲೋಕೆ ಮನಸ್ಸಾಗದೆ ನಿಂತುಕೊಂಡೇ ಬಾಯಿಗೆ ಹಾಕ್ಕೊಂಡರು. ಅದು ಅವರ ಲೆಕ್ಕದಲ್ಲಿ ಊಟವೇ ಅಲ್ಲ. ಅಡಿಕೆ ಸುಲಿಯೋಕೆ ಕೂತರೆ ರಾತ್ರಿ ಹನ್ನೊಂದು. ಕೂತಲ್ಲಿಗೇ ಟೀ, ಮಂಡಕ್ಕಿ. ಆರು ಟೀಗೆ ಎರಡೆರಡು ಚಮಚ ಅಂದರೂ ದಿನಕ್ಕೆ 60 ಗ್ರಾಂ ಸಕ್ಕರೆ. ಅದೂ ತಿಂದ ಲೆಕ್ಕಕ್ಕಿಲ್ಲ, ನಿದ್ದೆ ಬಾರದಿರಲಿ ಅಂತ ಕುಡಿದದ್ದು.

ಹಿರಿಯರು: ಇದನ್ನ ನಾನು ನಲವತ್ತು ವರ್ಷದಲ್ಲಿ ಕಂಡುಕೊಂಡೆ. ನೀನು ಒಂದು ಸಂಜೆಯಲ್ಲಿ ಕಂಡೆ.

ಕಿರಿಯರು: ಕಂಡೆ ಸರ್. ಆದರೆ ಕಂಡ ಮೇಲೆ ಏನು ಹೇಳಬೇಕು ಅಂತ ಹೊಳೆಯಲಿಲ್ಲ. ‘ಅನ್ನ ಚೆಲ್ಲಿ’ ಅನ್ನಲಾ?

ಹಿರಿಯರಿಗೂ ಉತ್ತರ ಇರಲಿಲ್ಲ. ಎದುರಿಗೆ ಅಡಿಕೆ ಹೇರಿಕೊಂಡ ಟ್ರ್ಯಾಕ್ಟರ್ ಬಂತು, ಕಾರನ್ನು ಮಣ್ಣಿಗೆ ಇಳಿಸಿ ನಿಲ್ಲಿಸಿದರು. ಮತ್ತೆ ಹೊರಟಾಗ ಮಾತಿನ ದಿಕ್ಕು ಬದಲಾಗಿತ್ತು.

ಹಿರಿಯರು: ನಾನು ಪ್ರಾಕ್ಟೀಸಿಗೆ ಕೂತಾಗ ಇದೇ ಹಳ್ಳಿಗಳಿಂದ ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ ಆದ ಮಕ್ಕಳನ್ನ ಹೊತ್ತು ತರ್ತಿದ್ದರು. ಮಗು ಒಂದಿಷ್ಟು ಮೈ ಹಿಡಿದರೆ ಮನೆಯಲ್ಲಿ ಹಬ್ಬ. ‘ಮೈಕೈ ತುಂಬಿಕೊಂಡಿದ್ದಾಳೆ’ ಅನ್ನೋದು ಹೊಗಳಿಕೆ. ತವರಿಗೆ ಬಂದ ಮಗಳು ತೆಳ್ಳಗಾಗಿದ್ದರೆ ‘ಸೊರಗಿದ್ದೀಯಲ್ಲೇ’ ಅಂತ ತಾಯಿ ಅಳ್ತಾಳೆ, ಗಂಡನ ಮನೆಯ ಮೇಲೆ ಅನುಮಾನ ಪಡ್ತಾಳೆ. ಈ ಮಾತುಗಳ ಹಿಂದೆ ಹಸಿವಿನ ನೆನಪಿದೆ. ಆ ನೆನಪು ಇರೋ ಮನೆಗೆ ಹೋಗಿ ಕಡಿಮೆ ತಿನ್ನಿ ಅಂತ ಹೇಳೋಕೆ ನನಗೆ ಇವತ್ತಿಗೂ ನಾಲಿಗೆ ಏಳಲ್ಲ. ಅದಕ್ಕೇ ಬೈದುಬಿಡ್ತೀನೋ ಏನೋ. ಸಮಾಧಾನವಾಗಿ ಹೇಳೋದೇ ನನಗೆ ಹೆಚ್ಚು ಕಷ್ಟ.

ಕಿರಿಯರು: ಆ ನೆನಪು ನಿಜ. ಹಸಿವೂ ಪೂರ್ತಿ ಹೋಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 17 ಜನ ಇರಬೇಕಾದ್ದಕ್ಕಿಂತ ತೆಳ್ಳಗಿದ್ದರು. ಅದೇ ಸಮೀಕ್ಷೆಯಲ್ಲಿ ತೂಕ ಹೆಚ್ಚಿದ್ದವರು ನೂರಕ್ಕೆ 30. ಅದಕ್ಕೂ ಹಿಂದಿನ ಸಮೀಕ್ಷೆ 2015–16ರದು, ಆಗ 23. ಎರಡೂ ಒಂದೇ ಬೀದಿಯಲ್ಲಿವೆ, ಕೆಲವು ಸಲ ಒಂದೇ ಮನೆಯಲ್ಲಿ. ನಮ್ಮ ಇನ್ಸುಲಿನ್ನಿಗೆ ಅಜ್ಜಿಯ ಹಸಿವಿನ ನೆನಪು ಗೊತ್ತಿಲ್ಲ ಸರ್.

ಹಿರಿಯರು: ಗೊತ್ತಿದೆ ಅಂತಾನೂ ಹೇಳ್ತಾರಲ್ಲ, ಪುಣೆಯವರು?

ಕಿರಿಯರು: ಡಾ. ಯಾಜ್ನಿಕ್. ಹೌದು. ಬಸುರಿನಲ್ಲಿ ತಾಯಿಗೆ ಊಟ ಸಾಲದೆ ಹೋದರೆ ಹುಟ್ಟೋ ಮಗು ಸಣ್ಣಗಿರುತ್ತೆ, ಆದರೂ ಒಳಗೆ ಕೊಬ್ಬು ಉಳಿಸಿಕೊಂಡಿರುತ್ತೆ ಅಂತ ತೋರಿಸಿದವರು. 2004ರಲ್ಲಿ ಅವರೂ ಇಂಗ್ಲೆಂಡಿನ ಯುಡ್ಕಿನ್ ಅನ್ನೋ ಗೆಳೆಯರೂ ಪಕ್ಕಪಕ್ಕ ನಿಂತ ಫೋಟೊ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿಎಂಐ ಒಂದೇ, 22.3. ಮೈಯಲ್ಲಿರೋ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇಕಡಾ 9, ಯಾಜ್ನಿಕ್ ಅವರಲ್ಲಿ 21. ಅದಕ್ಕೇ ಭಾರತೀಯರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಅಂತ ನಮ್ಮ ವೈದ್ಯರು ಇಟ್ಟುಕೊಂಡಿರೋದು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಮೈಯೆಲ್ಲ ತೆಳ್ಳಗಿದ್ದು ಹೊಟ್ಟೆ ಮಾತ್ರ ಬಂದವರನ್ನ ನಾವು ಬಿಟ್ಟುಬಿಡ್ತೀವಿ. ಅವರಿಗೇ ಸಕ್ಕರೆ ಬರುತ್ತೆ.

ಹಿರಿಯರು: ನನ್ನದು 102 ಇತ್ತು. ಹತ್ತು ವರ್ಷದ ಹಿಂದೆ ಸ್ಟೆಂಟ್ ಹಾಕೋ ಮುಂಚೆ. ದಿನಕ್ಕೆ ಐವತ್ತು ಜನಕ್ಕೆ ವಾಕಿಂಗ್ ಹೋಗಿ ಅಂತ ಬರೆದುಕೊಡ್ತಿದ್ದೆ, ನಾನು ಒಂದು ದಿನ ಹೋಗಲಿಲ್ಲ. ರೋಗಿಗಳು ನನ್ನ ಹೊಟ್ಟೆ ನೋಡ್ತಿದ್ದರು, ಏನೂ ಅಂತಿರಲಿಲ್ಲ. ಆಪರೇಷನ್ ಆಗಿ ಬಂದ ಮೇಲೆ ಒಬ್ಬ ಮುದುಕ ಬಂದು ಕೈ ಹಿಡ್ಕೊಂಡ. ‘ಈಗ ನಿಮಗೂ ಗೊತ್ತಾಯ್ತಲ್ಲ ಸ್ವಾಮಿ, ಎಷ್ಟು ಕಷ್ಟ ಅಂತ’ ಅಂದ. ಅವನ ಕಣ್ಣಲ್ಲಿ ನೀರಿತ್ತು. ಅವತ್ತಿಂದ ಅವನು ನನ್ನ ಜೊತೆ ಬೆಳಗ್ಗೆ ಕೆರೆ ಏರಿ ಮೇಲೆ ನಡೀತಾನೆ. ಇದನ್ನ ನಿಮ್ಮ ಕೋರ್ಸಿನಲ್ಲಿ ಹೇಗೆ ಕಲಿಸ್ತಾರೆ?

ಕಿರಿಯರು: ಕಲಿಸೋಕೆ ಆಗಲ್ಲ. ನಾನು ತೆಳ್ಳಗಿದ್ದೀನಿ, ನನಗೆ ‘ನಿಮಗೇನು ಗೊತ್ತಮ್ಮ’ ಅಂತಾರೆ. ಹಾಗಂತ ಪ್ರತಿ ಡಾಕ್ಟರಿಗೂ ಎದೆನೋವು ಬರಲಿ ಅಂತ ಕಾಯೋಕಾಗುತ್ತಾ ಸರ್? ಅನುಭವ ಇರೋವರಿಗೆ ಕಲಿಕೆ ಬೇಡದೆ ಇರಬಹುದು. ಅನುಭವ ಇಲ್ಲದವರಿಗೆ ಅಂತಲೇ ಕಲಿಕೆ ಇರೋದು.

ಹಿರಿಯರು: ಆ ಮಾತು ಒಪ್ಪಿದೆ. ಆದರೆ ಪರೀಕ್ಷೆಯಲ್ಲಿ ಅದನ್ನ ಹೇಗೆ ಅಳೀತಾರೆ ಅಂತ ನೋಡಿದ್ದೀನಿ. ಗಂಟೆ ಹೊಡೆಯುತ್ತೆ, ಒಂದು ಟೇಬಲ್ಲು, ಒಬ್ಬರು ರೋಗಿಯ ಹಾಗೆ ಕೂತಿರ್ತಾರೆ. ನಮಸ್ಕಾರ ಅಂದರೆ ಒಂದು ಅಂಕ, ಹೆಸರು ಹೇಳಿಕೊಂಡರೆ ಒಂದು, ಅಪ್ಪಣೆ ಕೇಳಿದರೆ ಒಂದು. ಹುಡುಗರು ನಮಸ್ಕಾರವನ್ನೇ ಬಾಯಿಪಾಠ ಮಾಡ್ಕೊಂಡು ಬರ್ತಾರೆ. ಕಣ್ಣು ಮಾತ್ರ ಗಡಿಯಾರದ ಮೇಲೆ.

ಕಿರಿಯರು: ರೋಗಿಯಾಗಿ ಕೂತವರು ಯಾರು ಅನ್ನೋದರ ಮೇಲೆ ಹೋಗುತ್ತೆ ಅದು. ನಮ್ಮಲ್ಲಿ ಸಹಪಾಠಿಯೇ ರೋಗಿ. ಅವಳು ನನಗೆ ಅಂಕ ಬರಲಿ ಅಂತ ಹೂಂ ಅಂತಾಳೆ. ಹೋವರ್ಡ್ ಬ್ಯಾರೋಸ್ ಅನ್ನೋ ನರರೋಗ ತಜ್ಞರು 1963ರಲ್ಲಿ ಅಮೆರಿಕದಲ್ಲಿ ಇದನ್ನ ಶುರು ಮಾಡಿದಾಗ ಹೆಂಗಸೊಬ್ಬಳಿಗೆ ತರಬೇತಿ ಕೊಟ್ಟು ರೋಗಿಯಾಗಿ ಕೂರಿಸಿದ್ದರಂತೆ. ನಮಗೆ ನಟರು ಬೇಕಂದ್ರೆ ಹೆಗ್ಗೋಡು ಇಲ್ಲೇ ಪಕ್ಕದ ತಾಲ್ಲೂಕಿನಲ್ಲಿದೆ. ನೀನಾಸಮ್ 1949ರಿಂದ ಅಲ್ಲಿದೆ, ರಂಗಶಿಕ್ಷಣ ಕೇಂದ್ರ 1980ರಿಂದ. ಸೊಸೆಯ ಪಾತ್ರ ಹಾಕಿದ ಒಬ್ಬ ನಟಿ ನನ್ನೆದುರು ಕೂತು, ಅತ್ತೆ ಪಕ್ಕದಲ್ಲಿದ್ದಾಗ ಒಂದು ಉತ್ತರ, ಅತ್ತೆ ಹೊರಗೆ ಹೋದಾಗ ಇನ್ನೊಂದು ಉತ್ತರ ಕೊಟ್ಟರೆ ನಾನು ಎಷ್ಟು ಕಲೀತೀನಿ! ನಾನು ಆಡಿದ ಯಾವ ಮಾತಿಗೆ ಅವಳ ಮುಖ ಮುಚ್ಚಿತು ಅಂತ ಆಮೇಲೆ ಅವಳೇ ನನಗೆ ಹೇಳಬಹುದು. ನಿಜವಾದ ರೋಗಿ ಅದನ್ನ ಯಾವತ್ತೂ ಹೇಳಲ್ಲ, ಎದ್ದುಹೋಗ್ತಾರೆ.

ಹಿರಿಯರು ಕಾರಿನ ವೇಗ ಇಳಿಸಿ ಅವಳ ಕಡೆ ನೋಡಿದರು. ಈ ಮಾತು ಅವರಿಗೆ ಇಷ್ಟವಾದದ್ದು ಹಿಂದೆ ಕೂತ ನನಗೂ ತಿಳಿಯಿತು. ಇದು ಯಾರಾದರೂ ಕೈಗೆತ್ತಿಕೊಳ್ಳಬೇಕಾದ ಕೆಲಸ ಎಂದು ನನಗೂ ಅನ್ನಿಸಿದೆ.

ಹಿರಿಯರು: ಇದು ಬೇಕು. ಆದರೂ ಹೊತ್ತಿನ ಲೆಕ್ಕ ಹೇಳು. ಬೇರೆ ಬೇರೆ ದೇಶಗಳಲ್ಲಿ ಡಾಕ್ಟರು ಒಬ್ಬ ರೋಗಿಗೆ ಎಷ್ಟು ಹೊತ್ತು ಕೊಡ್ತಾರೆ ಅಂತ 2017ರಲ್ಲಿ ಒಂದು ವರದಿ ಬಂದಿತ್ತಲ್ಲ. ಸ್ವೀಡನ್ನಿನಲ್ಲಿ ಇಪ್ಪತ್ತೆರಡೂವರೆ ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು, ನಾವು ಎರಡು ನಿಮಿಷದ ಆಸುಪಾಸು. ಸೋಮವಾರ ಸಂತೆಗೆ ಬಂದವರಂತೆ ಜನ ನಿಂತಿರ್ತಾರೆ. ಎರಡು ನಿಮಿಷದಲ್ಲಿ ಅಪ್ಪಣೆ ಕೇಳ್ತೀಯೋ, ಬಿ.ಪಿ. ನೋಡ್ತೀಯೋ?

ಕಿರಿಯರು: ಅರ್ಧ ನಿಮಿಷ ಸಾಕು ಅಂತ ತೋರಿಸಿದ್ದಾರೆ. ಇಂಗ್ಲೆಂಡಿನಲ್ಲಿ 2016ರಲ್ಲಿ. ಬೇರೆ ಕಾಯಿಲೆಗೆ ಬಂದ 1,882 ಜನ. ಹೊರಡೋ ಮುಂಚೆ ವೈದ್ಯರು ಮೂವತ್ತು ಸೆಕೆಂಡು ತೂಕದ ಮಾತು ಆಡಿದರು. ಕೆಲವರಿಗೆ ‘ಇಳಿಸಿದರೆ ನಿಮಗೆ ಒಳ್ಳೆಯದು’ ಅಂತಷ್ಟೇ. ಉಳಿದವರಿಗೆ ವಾರಕ್ಕೊಮ್ಮೆ ಸೇರೋ ಹನ್ನೆರಡು ವಾರದ ಒಂದು ಗುಂಪಿಗೆ ಹೋಗ್ತೀರಾ ಅಂತ ಕೇಳಿ, ಒಪ್ಪಿದವರನ್ನ ಅಲ್ಲೇ ಸೇರಿಸಿ ಕಳಿಸಿದರು. ವರ್ಷದ ಮೇಲೆ ತೂಗಿದರೆ ಮೊದಲಿನವರು ಒಂದು ಕೆಜಿ ಇಳಿದಿದ್ದರು, ಎರಡನೆಯವರು ಎರಡೂವರೆ ಕೆಜಿಯ ಹತ್ತಿರ. ಡಾಕ್ಟರು ಹೀಗೆ ಮಾತಾಡಿದ್ದು ಸರಿಯಲ್ಲ ಅಂದವರು ಬೆರಳೆಣಿಕೆಯಷ್ಟು ಜನ.

ಹಿರಿಯರು: ಅಂದರೆ ಫಲ ಕೊಟ್ಟಿದ್ದು ಆ ಅರ್ಧ ನಿಮಿಷ ಅಲ್ಲ, ಅರ್ಧ ನಿಮಿಷದ ಆಚೆ ಇದ್ದ ಬಾಗಿಲು. ಡಾಕ್ಟರು ‘ಅಲ್ಲಿಗೆ ಹೋಗಿ’ ಅಂದರೆ ಅಲ್ಲಿ ಯಾರೋ ಇದ್ದರು. ನೀನು ಸೊರಬದಲ್ಲಿ ಕೂತು ಎಲ್ಲಿಗೆ ಕಳಿಸ್ತೀಯ? ಆಹಾರ ತಜ್ಞರಿಗೆ ಶಿವಮೊಗ್ಗಕ್ಕಾ? ಒಂದು ದಿನದ ಕೂಲಿ, ಬಸ್ಸಿನ ಖರ್ಚು?

ಕಿರಿಯರು: ಸ್ತ್ರೀಶಕ್ತಿ ಸಂಘಗಳಿವೆಯಲ್ಲ. ವಾರಕ್ಕೊಮ್ಮೆ ಹಣ ಕಟ್ಟೋಕೆ ಸೇರ್ತಾರೆ. ಲೆಕ್ಕ ಬರೆಯೋ ಪುಸ್ತಕ ಇದೆ, ಒಬ್ಬರಿಗೊಬ್ಬರು ಜಾಮೀನು ನಿಲ್ಲೋ ನಂಬಿಕೆ ಇದೆ. ಅಲ್ಲಿ ಒಂದು ತೂಕದ ಯಂತ್ರ ಇಟ್ಟು…

ಹಿರಿಯರು: ಸಾಲದ ಕಂತಿನ ಜೊತೆ ತೂಕದ ಕಂತನ್ನೂ ಎಲ್ಲರೆದುರು ಓದಿಸ್ತೀಯಾ? ಬೆಳಗ್ಗೆ ನನ್ನ ಬಾಗಿಲು ತೆಗೆದಿತ್ತು ಅಂದೆಯಲ್ಲಮ್ಮ.

ಕಿರಿಯರು: (ಬಹಳ ಹೊತ್ತಿನ ಮೇಲೆ) ಅದು ನನಗೆ ಹೊಳೆದಿರಲಿಲ್ಲ.

ಹಿರಿಯರು: ಹೊಳೆಯೋಕೆ ಸಮಯ ಬೇಕು. ನಾನೊಂದು ಹೇಳ್ತೀನಿ. ಕಾಮಾಲೆಗೆ ನಾಟಿ ಔಷಧಿ ತಗೊಂಡವರ ಮನೆ ನೋಡಿದ್ದೀಯಾ? ಒಗ್ಗರಣೆ ಬಂದ್, ಕರಿದದ್ದು ಬಂದ್, ಖಾರ ಬಂದ್. ಇಷ್ಟು ದಿನ ಅಂದರೆ ಅಷ್ಟೂ ದಿನ. ಮನೆಯಲ್ಲಿ ಯಾರೂ ‘ಒಂದು ತುತ್ತು ತಿನ್ನು, ಏನಾಗಲ್ಲ’ ಅನ್ನಲ್ಲ. ಮದುವೆ ಮನೆಗೆ ಹೋದರೂ ‘ನಾನು ಪಥ್ಯದಲ್ಲಿದ್ದೀನಿ’ ಅಂದರೆ ಬಡಿಸೋ ಕೈ ನಿಲ್ಲುತ್ತೆ. ನಾನು ಬರೆದುಕೊಟ್ಟ ಡಯಟ್ ಚೀಟಿ ಮಾತ್ರ ಕ್ಯಾಲೆಂಡರ್ ಹಿಂದೆ ಸೇರುತ್ತೆ. ಪಥ್ಯ ಅನ್ನೋ ಮಾತಿಗಿರೋ ಬಲ ಡಯಟ್ ಅನ್ನೋ ಮಾತಿಗೆ ಯಾಕಿಲ್ಲ ಅಂತ ನಿಮ್ಮ ಪುಸ್ತಕದಲ್ಲಿ ಯಾರಾದರೂ ಕೇಳಿದ್ದಾರಾ?

ಕಿರಿಯರು: ಪಥ್ಯಕ್ಕೆ ಗಡುವಿದೆ, ಅದಕ್ಕೇ ಇರಬಹುದು. ಏನು ಬೇಡ ಅನ್ನೋದು ಖಚಿತ. ಮನೆಯೇ ಜೊತೆಗೆ ನಿಲ್ಲುತ್ತೆ. ಪಥ್ಯ ಹಿಡಿದವರನ್ನ ಯಾರೂ ನಾಚಿಸಲ್ಲ, ಅದೂ ಒಂದು. ಆದರೆ ಸರ್, ಪಥ್ಯ ಮುಗಿಯುತ್ತೆ. ಮುಗಿದ ಮಾರನೇ ದಿನ ಹೋಳಿಗೆ. ತೂಕಕ್ಕೆ ಮುಗಿಯೋ ದಿನ ಇಲ್ಲ. ಇನ್ನೊಂದು, ಪಥ್ಯದ ಹೆಸರಲ್ಲಿ ಬೇಕಾದ್ದನ್ನೂ ಬಿಡಿಸ್ತಾರೆ. ಸಕ್ಕರೆ ಇರೋ ಒಬ್ಬ ಅಜ್ಜಿ ನಂಜು ಅಂತ ತರಕಾರಿಯನ್ನೇ ಬಿಟ್ಟು, ಬರೀ ಗಂಜಿ ಅನ್ನ ಉಣ್ತಿದ್ದರು. ಸಕ್ಕರೆ 300 ದಾಟಿತ್ತು.

ಹಿರಿಯರು: ಒಳಗಿನದನ್ನ ಬದಲಾಯಿಸು. ಚೌಕಟ್ಟು ಬಿಡಬೇಡ. ನಲವತ್ತೆಂಟು ದಿನ ಟೀಗೆ ಸಕ್ಕರೆ ಇಲ್ಲ, ಇದು ಪಥ್ಯ, ಅಂತ ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿ ಹೇಳು. ನಾಲಿಗೆ ಒಗ್ಗಿಕೊಂಡ ಮೇಲೆ ಮುಂದಿನದು.

ಕಿರಿಯರು: ಪಥ್ಯ ನಡೆಯೋದು ಭಯದ ಮೇಲೆ ಸರ್. ಮುರಿದರೆ ಕಾಮಾಲೆ ತಿರುಗುತ್ತೆ, ಜೀವ ಹೋಗುತ್ತೆ ಅನ್ನೋ ಭಯ. ಆ ಭಯ ತೆಗೆದರೆ ಚೌಕಟ್ಟು ನಿಲ್ಲುತ್ತಾ? ಭಯ ಇಟ್ಟುಕೊಂಡರೆ, ಮುರಿದ ದಿನ ಅವಳು ನನ್ನ ಹತ್ತಿರ ಬಂದು ಹೇಳ್ತಾಳಾ?

ಈ ಪ್ರಶ್ನೆ ಅಲ್ಲೇ ಉಳಿಯಿತು. ಶಿರಾಳಕೊಪ್ಪ ದಾಟುತ್ತಿದ್ದೆವು. ಬಳ್ಳಿಗಾವಿಗೆ ಹೋಗುವ ದಾರಿ ಹತ್ತಿರ ಹಿರಿಯರು ಕೈ ತೋರಿಸಿದರು.

ಹಿರಿಯರು: ಅಲ್ಲಿ ಕೋಡಿಮಠದ ಶಾಸನ ಇದೆ, ಹನ್ನೆರಡನೇ ಶತಮಾನದ್ದು. ಆ ಮಠದಲ್ಲಿ ಏನೇನು ನಡೀತಿತ್ತು ಅಂತ ಉದ್ದಕ್ಕೆ ಬರೆದಿದ್ದಾರೆ. ವೇದ, ವ್ಯಾಕರಣ, ತರ್ಕ ಎಲ್ಲ ಇದೆ. ದಿಕ್ಕಿಲ್ಲದ ರೋಗಿಗಳಿಗೆ ಔಷಧಿ ಕೊಡೋ ಜಾಗ ಅಂತಲೂ ಇದೆ, ಬಡವರಿಗೆ ಕುರುಡರಿಗೆ ಅನ್ನ ಹಾಕೋ ಜಾಗ ಅಂತಲೂ ಇದೆ. ಔಷಧಿ, ಅನ್ನ ಎರಡೂ ಒಂದೇ ಅಂಗಳದಲ್ಲಿ. ನಾವು ಔಷಧಿಯನ್ನ ಆಸ್ಪತ್ರೆಗೆ ತಂದ್ವಿ, ಅನ್ನವನ್ನ ನ್ಯಾಯಬೆಲೆ ಅಂಗಡಿಗೆ ಬಿಟ್ವಿ. ಅಲ್ಲಿ ಅಕ್ಕಿ ಸಿಗುತ್ತೆ. ತರಕಾರಿ, ಮೊಟ್ಟೆ, ಹಣ್ಣು ಕೊಳ್ಳೋ ದುಡ್ಡು ಅವರೇ ಹುಡುಕಬೇಕು. ನೀನು ಎಷ್ಟೇ ನಯವಾಗಿ ಮಾತಾಡು, ಸಂಚಿಯಲ್ಲಿ ಅಕ್ಕಿಯೊಂದೇ ಇದ್ದರೆ ಏನು ಮಾಡ್ತಾರೆ?

ಕಿರಿಯರು: ಅದಕ್ಕೆ ನಾವು ಮಾತೇ ಆಡಬಾರದಾ? ಚೆನ್ನೈನಲ್ಲಿ ಡಾ. ರಾಮಚಂದ್ರನ್ ಅವರ ತಂಡ 2006ರಲ್ಲಿ ತೋರಿಸಿತಲ್ಲ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನ. ಸುಮ್ಮನೆ ಬಿಟ್ಟವರಲ್ಲಿ ಮೂರು ವರ್ಷಕ್ಕೆ ನೂರಕ್ಕೆ 55 ಜನಕ್ಕೆ ಕಾಯಿಲೆ ಬಂತು. ಊಟ, ನಡಿಗೆ ತಿದ್ದಿಕೊಂಡವರಲ್ಲಿ 39. ತೂಕ ಹೇಳಿಕೊಳ್ಳೋ ಹಾಗೆ ಇಳಿದಿರಲೂ ಇಲ್ಲ. ತಕ್ಕಡಿ ಮುಳ್ಳು ಅಲ್ಲಾಡದಿದ್ದರೂ ಒಳಗೆ ಒಳ್ಳೆಯದಾಗ್ತಿತ್ತು. ಇದನ್ನ ಜನಕ್ಕೆ ಹೇಳಿದರೆ ಎಷ್ಟು ಧೈರ್ಯ ಬರುತ್ತೆ! ಎರಡು ತಿಂಗಳು ನಡೆದು, ತೂಕ ಇಳೀಲಿಲ್ಲ ಅಂತ ನಿಲ್ಲಿಸಿದವರು ಎಷ್ಟು ಜನ.

ಹಿರಿಯರು: ಇದು ನನಗೆ ಹೊಸದು. ಇದನ್ನ ನಾನು ನಾಳೆಯೇ ಹೇಳ್ತೀನಿ.

ಕಿರಿಯರು: ಈಗ ವಾರಕ್ಕೊಂದು ಸೂಜಿ ಬಂದಿದೆ, ತೂಕ ಇಳಿಸೋಕೆ. 2025ರಿಂದ ನಮ್ಮ ದೇಶದಲ್ಲೂ ಸಿಗ್ತಿದೆ. ಮೊನ್ನೆ ಒಬ್ಬರು ಮೊಬೈಲಿನಲ್ಲಿ ತೋರಿಸಿ ಕೇಳಿದರು.

ಹಿರಿಯರು: ಬೇಕಾದವರಿಗೆ ಅದು ದೊಡ್ಡ ಉಪಕಾರ. ಆದರೆ ಅದನ್ನ ಬರೆಯೋಕೂ ಮೊದಲು ಅವರ ಮನೆ ಗೊತ್ತಿರಬೇಕು. ಸೂಜಿ ನಿಲ್ಲಿಸಿದ ದಿನ ಅವರು ಅದೇ ಮನೆಯಲ್ಲಿ ಇರ್ತಾರೆ.

ಕಾಡು ಶುರುವಾಗಿತ್ತು. ಸೊರಬದ ಸರಹದ್ದು ಬಂದರೆ ಹಿರಿಯರ ಮಾತು ಕ್ಯಾಸನೂರಿನ ಕಡೆ ಹೊರಳುತ್ತದೆ, ಪ್ರತಿ ಸಲವೂ.

ಹಿರಿಯರು: ನಾನು ಹುಟ್ಟಿದ್ದು 1957ರಲ್ಲಿ. ಅದೇ ವರ್ಷ ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಜನಕ್ಕೆ ಜ್ವರ ಬಂತು. ಪುಣೆಯಿಂದ ವೈರಾಣು ಸಂಶೋಧಕರು ಬಂದು ಕಾಡೊಳಗೆ ನಡೆದರು. ಮಂಗ ಎಲ್ಲಿ ಸತ್ತಿದೆ, ಉಣುಗು ಎಲ್ಲಿದೆ, ಜನ ಎಲ್ಲಿ ಸೌದೆ ತರ್ತಾರೆ ಅಂತ ನೋಡಿದರು. ಜಗತ್ತಿನ ಪುಸ್ತಕಗಳಲ್ಲಿ ಇವತ್ತಿಗೂ ಆ ಕಾಯಿಲೆಗೆ ನಮ್ಮ ಕಾಡಿನ ಹೆಸರು. ನಾನು ಡಾಕ್ಟರಾಗಿ ಬಂದಾಗ ಜನಕ್ಕೆ ಒಂದೇ ಬುದ್ಧಿ ಹೇಳ್ತಿದ್ದೆ, ಕಾಡಿಗೆ ಹೋಗಬೇಡಿ ಅಂತ. ದರಗು ಯಾರು ತರಬೇಕು? ಸೌದೆ ಯಾರು ತರಬೇಕು? ಹೋದರು. ಕೆಲವರು ಸತ್ತರು. ಆಮೇಲೆ ಬುದ್ಧಿ ಬಂದಿದ್ದು ನಮಗೆ. ಹೋಗೋ ಮುಂಚೆ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಮೈಮೇಲೆ ಉಣುಗು ಇದೆಯಾ ನೋಡಿಕೊಳ್ಳಿ ಅಂದ್ವಿ. ಅದನ್ನ ಮಾಡಿದರು, ಮಾಡೋಕೆ ಸಾಧ್ಯವಿತ್ತು. ಹೋಗಬೇಡಿ ಅನ್ನೋದನ್ನ ಬಿಟ್ಟು, ಹೇಗೆ ಹೋಗಿ ಬರಬೇಕು ಅನ್ನೋಕೆ ನನಗೆ ಎಷ್ಟೋ ವರ್ಷ ಹಿಡೀತು. ಊಟದ ವಿಚಾರದಲ್ಲಿ ನಾನು ಇನ್ನೂ ಹೋಗಬೇಡಿ ಅನ್ನೋದರಲ್ಲೇ ಇದ್ದೀನೇನೋ.

ಕಿರಿಯರು: ನಾನೂ ಅಲ್ಲೇ ಇದ್ದೀನಿ ಸರ್. ನಯವಾಗಿ ಹೇಳ್ತೀನಿ, ಅಷ್ಟೇ ವ್ಯತ್ಯಾಸ.

ಸೊರಬದ ಈಚೆಯ ಒಂದು ಊರಿನಲ್ಲಿ ಇಳಿದೆವು. ಆಶಾ ಕಾರ್ಯಕರ್ತೆ ನಮೂನೆಯ ಕಟ್ಟು ಹಿಡಿದು ಕಾಯುತ್ತಿದ್ದರು. ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ತುಂಬಬೇಕಾದ ನಮೂನೆ ಅದು. ತಂಬಾಕು, ಕುಡಿತ, ನಡಿಗೆ, ಮನೆತನದ ಕಾಯಿಲೆ, ಸೊಂಟದ ಸುತ್ತಳತೆ, ಎಲ್ಲಕ್ಕೂ ಅಂಕವಿದೆ. ಒಟ್ಟು 4 ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ಜಗಲಿಯ ಮೇಲೆ ಮಾವ ಕೂತಿದ್ದರು. ಅಂಗಳದಲ್ಲಿ ನಾಲ್ಕು ಜನ ಅಡಿಕೆ ಸುಲಿಯುತ್ತಿದ್ದರು. ಅವರ ನಡುವಿನಿಂದ ಸೊಸೆ ಕೈ ಒರೆಸಿಕೊಳ್ಳುತ್ತ ಎದ್ದು ಬಂದಳು.

ಕಿರಿಯರು: (ಆಶಾ ಕಾರ್ಯಕರ್ತೆಗೆ, ಮೆಲ್ಲಗೆ) ಅಕ್ಕಾ, ಇಷ್ಟು ಜನದ ಮುಂದೆ ಸೊಂಟಕ್ಕೆ ಟೇಪು ಸುತ್ತೋದು ಹೇಗೆ?

ಆಶಾ ಕಾರ್ಯಕರ್ತೆ: ಟೇಪು ನಾನು ಹೊರಗೆ ತೆಗೆಯೋದೇ ಇಲ್ಲ ಮೇಡಂ. ಬಾಳೆನಾರು ಕೊಡ್ತೀನಿ. ಒಳಗೆ ಹೋಗಿ ಅವರೇ ಹೊಕ್ಕುಳ ಮೇಲೆ ಸುತ್ತಿಕೊಂಡು ಗಂಟು ಹಾಕಿ ತರ್ತಾರೆ. ಆಮೇಲೆ ಆ ನಾರನ್ನ ಟೇಪಿಗೆ ಹಿಡೀತೀನಿ. ನಾರು ಅವರಿಗೇ ಕೊಟ್ಟುಬಿಡ್ತೀನಿ. ಕೆಲವರು ಅಕ್ಕಿ ಡಬ್ಬಿಯಲ್ಲಿ ಇಟ್ಟುಕೊಂಡಿರ್ತಾರೆ, ಮುಂದಿನ ಸಲ ನಾನು ಬಂದಾಗ ತಾವೇ ತಂದು ತೋರಿಸ್ತಾರೆ.

ಇಬ್ಬರು ವೈದ್ಯರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಏನೋ ಬರೆದುಕೊಂಡರು.

ಸೊಸೆ ಒಳಗೆ ಹೋಗಿ ಬಂದಳು. ನಾರಿನ ಗಂಟು ಟೇಪಿನಲ್ಲಿ 94ಕ್ಕೆ ಬಂತು. ಅವಳು ಕೇಳಲಿಲ್ಲ, ಆದರೆ ನಾರಿನ ಮೇಲೆ ಅವಳ ಕಣ್ಣಿತ್ತು.

ಹಿರಿಯರು: (ಕಿರಿಯರ ಕಿವಿಯಲ್ಲಿ) ಈಗ ಏನು ಹೇಳ್ತೀಯ?

ಕಿರಿಯರು ಅವರಿಗೆ ಉತ್ತರ ಕೊಡಲಿಲ್ಲ. ಅಡಿಕೆ ಗೊನೆಗಳ ಪಕ್ಕದಲ್ಲಿ ಸೊಸೆಗೆ ಎದುರಾಗಿ ನೆಲದ ಮೇಲೆ ಕೂತರು.

ಕಿರಿಯರು: ಸುಲಿತ ಎಷ್ಟು ದಿನಕ್ಕೆ ಮುಗಿಯಬಹುದು ಅಕ್ಕಾ? ರಾತ್ರಿ ಎಷ್ಟು ಹೊತ್ತಿಗೆ ಏಳ್ತೀರಿ ಇಲ್ಲಿಂದ?

ಒಳಗಿನಿಂದ ಅತ್ತೆ ಟೀ ತಂದರು. ಲೋಟ ಐದು, ಸಕ್ಕರೆ ಎಲ್ಲದಕ್ಕೂ ಹಾಕಿಯಾಗಿತ್ತು. ಕಿರಿಯರು ಎರಡು ಕೈಯಲ್ಲಿ ಲೋಟ ತಗೊಂಡು ಅತ್ತೆಗೂ ಕೂರಲು ಜಾಗ ಬಿಟ್ಟರು.